ಹದಿನೈದು ನಿಮಿಷದ ಮರೆವು

ಗೋಣಿಚೀಲ ಏಕರೂಪತಾ ಮಂಡಳಿಯ ಅಧ್ಯಕ್ಷರ ಕಾರು 1991ನೇ ಇಸವಿ ಜನವರಿ ಇಪ್ಪತ್ತನೇ ತಾರೀಖು ಭಾನುವಾರ ಬೆಳಿಗ್ಗೆ ಹತ್ತು ಗಂಟೆಯಿಂದ ಹತ್ತೂಕಾಲರ ಒಳಗೆ, ಕಾಂದಿವಲಿಯ ಒಂದು ಹೌಸಿಂಗ್ ಸೊಸೈಟಿಯ ಕಾಂಪೌಂಡಿನಲ್ಲಿ, ತನಗೆ ಗೊತ್ತಿದ್ದ ಸಮಸ್ತವನ್ನೂ ಮರೆಯಿತು. ಈ ವಿಷಯದಲ್ಲಿ ಎರಡು ಅಭಿಪ್ರಾಯಗಳಿಲ್ಲ. ಮಂಡಳಿಯ ಕಡತಗಳಲ್ಲಿ ಎರಡು ಅಭಿಪ್ರಾಯಗಳಿಲ್ಲದ ಸಂಗತಿ ಇದೊಂದೇ ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುವುದು ಕ್ಷೇಮ.

ಮಂಡಳಿಯ ಕಚೇರಿ ನಗರದ ಇನ್ನೊಂದು ತುದಿಯ ಫೋರ್ಟ್‌ನಲ್ಲಿತ್ತು. ದೇಶದ ಪಶ್ಚಿಮ ಭಾಗದಲ್ಲಿ ಒಂದು ಗೋಣಿಚೀಲ ಇನ್ನೊಂದು ಗೋಣಿಚೀಲದ ಹಾಗೇ ಇದೆಯೇ ಎಂದು ನೋಡುವುದು ಅದರ ಕೆಲಸ. ಇದ್ದರೆ ಇದೆ ಎಂದು ಬರೆಯುತ್ತಿದ್ದರು. ಇಲ್ಲದಿದ್ದರೆ ಬರೆಯುವುದಕ್ಕೆ ಇನ್ನೂ ಹೆಚ್ಚು ಕಾಗದ ಬೇಕಾಗುತ್ತಿತ್ತು. ಹೀಗೆ ಬರೆದು ಬರೆದು ಅಲಮಾರುಗಳೆಲ್ಲ ತುಂಬಿ, ಕೊನೆಗೆ ಕೆಳಗಿನ ಮೋಟಾರು ಗ್ಯಾರೇಜನ್ನೂ ದಾಖಲೆ ಕೋಣೆ ಮಾಡಿಕೊಂಡಿದ್ದರು. ಕಾರು ನಿಲ್ಲಿಸಲು ಬೇರೆ ಜಾಗ ಬೇಕಾಯಿತು. ವಾಹನ ವಿಭಾಗದ ಉಪನಿರ್ದೇಶಕ ಜಯಸಿಂಹ ಅವರು ಮೈಸೂರಿನ ಕಡೆಯವರು, ಸಂಕೋಚದ ಸ್ವಭಾವ. ಆದರೂ ಮಂಡಳಿಯ ಹಿತಕ್ಕಾಗಿ ಕಾರು ತಮ್ಮ ಕಾಂದಿವಲಿಯ ಬಿಲ್ಡಿಂಗಿನ ಕೆಳಗೆ ನಿಲ್ಲಲಿ ಎಂದು ಒಪ್ಪಿಕೊಂಡರು. ಇದರಿಂದ ಅವರಿಗೆ ಆದ ನಷ್ಟ ಅಷ್ಟಿಷ್ಟಲ್ಲ. ದಿನಾ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಅಪರಿಚಿತರ ಕಂಕುಳಿಗೆ ಮೂಗು ಕೊಟ್ಟು ನಿಂತು ಬರುವ ಯೋಗ ತಪ್ಪಿ, ಕಾರಿನಲ್ಲೇ ಕೂತು ಬರಬೇಕಾಯಿತು.

ಕಾರು ವಿದೇಶದ್ದು. ಗೋಣಿ ನೇಯುವ ಯಂತ್ರ ಮಾರುವ ಪರದೇಶದ ಕಂಪನಿಯೊಂದು, ಯಾವ ಪ್ರತಿಫಲವನ್ನೂ ಬಯಸದೆ, ಟೆಂಡರು ತೆರೆಯುವ ಹಿಂದಿನ ವಾರ ಅದನ್ನು ಕಾಣಿಕೆಯಾಗಿ ಕೊಟ್ಟಿತ್ತು. ಅದರ ಎಂಜಿನ್ನಿಗೆ ಒಂದು ಕಂಪ್ಯೂಟರ್ ಇತ್ತು. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಎಂಜಿನ್ನಿಗೆ ಎಷ್ಟು ಪೆಟ್ರೋಲು, ಎಷ್ಟು ಗಾಳಿ ಎಂಬುದನ್ನು ಆ ಪೆಟ್ಟಿಗೆ ಓಡುತ್ತ ಓಡುತ್ತ ತಾನೇ ಕಲಿತು ನೆನಪಿಟ್ಟುಕೊಳ್ಳುತ್ತಿತ್ತು. ಮಂಡಳಿಯಲ್ಲಿ ಕೆಲಸ ಮಾಡುತ್ತ ಕಲಿಯುತ್ತಿದ್ದದ್ದು ಅದೊಂದೇ.

ಕಾರು ನಡೆಸುತ್ತಿದ್ದವನು ಖಂಡಪ್ಪ. ಬಿಜಾಪುರ ಜಿಲ್ಲೆಯ ಇಂಡಿ ಕಡೆಯವನು, ಧಾರಾವಿಯಲ್ಲಿ ಮನೆ, ಹನ್ನೊಂದು ವರ್ಷದ ಸರ್ವೀಸು. ಹನ್ನೊಂದು ವರ್ಷ ಎಂದು ಹೇಳಿದ್ದು ನಾವು. ಮಂಡಳಿ ಹಾಗೆ ಹೇಳುತ್ತಿರಲಿಲ್ಲ. ಹಂಗಾಮಿ ನೌಕರನೊಬ್ಬ ಇನ್ನೂರ ನಲವತ್ತು ದಿನ ಎಡೆಬಿಡದೆ ದುಡಿದರೆ ಕಾಯಂ ಮಾಡಿ ಎಂದು ಕೇಳಬಹುದು ಎಂಬ ನಿಯಮವಿತ್ತು. ನೌಕರನಿಗೆ ಹೀಗೆ ಕೇಳುವ ಮುಜುಗರ ಬರಬಾರದೆಂದು ಮಂಡಳಿ ಪ್ರತಿ ಎಂಬತ್ತೊಂಬತ್ತನೇ ದಿನ ಅವನಿಗೊಂದು ಚೀಟಿ ಕೊಡುತ್ತಿತ್ತು: ನಿಮ್ಮ ಸೇವೆ ಇಂದಿಗೆ ಮುಗಿದಿದೆ. ಮರುದಿನ ಅವನು ನೌಕರನಲ್ಲ. ಅದರ ಮರುದಿನ ಹೊಸಬನಾಗಿ ಸೇರಬೇಕು. ನಡುವಿನ ಆ ಒಂದು ದಿನ ಕಾರನ್ನು ಯಾರು ನಡೆಸುತ್ತಿದ್ದರು ಎಂದು ಕೇಳಬಾರದು. ಖಂಡಪ್ಪನೇ ನಡೆಸುತ್ತಿದ್ದ, ಅಂದು ಮಾತ್ರ ಅವನು ಅಧ್ಯಕ್ಷರ ಮೇಲಿನ ಪ್ರೀತಿಯಿಂದ ನಡೆಸುತ್ತಿದ್ದಾನೆಂದು ತಿಳಿಯತಕ್ಕದ್ದು.

ಇಂಥ ಚೀಟಿಗಳು ನಲವತ್ತನಾಲ್ಕು ಖಂಡಪ್ಪನ ಟ್ರಂಕಿನಲ್ಲಿದ್ದವು. ಹೊಸ ಕೆಲಸ ಸಿಕ್ಕಿದವರ ಬಾಯಿಗೆ ಸಕ್ಕರೆ ಹಾಕಬೇಕಷ್ಟೆ. ಅವನು ಮೊದಲ ಸಲ ಚೀಟಿ ಪಡೆದು ಮತ್ತೆ ಸೇರಿದ ದಿನ ಹೆಂಡತಿ ಸೋಮವ್ವ ತಮಾಷೆಗೆ ಒಂದು ಚಿಟಿಕೆ ಹಾಕಿದ್ದಳು. ಆಮೇಲೆ ಅದೇ ರೂಢಿಯಾಯಿತು. ಮೂರು ತಿಂಗಳಿಗೊಮ್ಮೆ ಬರುವ ಹಬ್ಬ. ದೇವರ ಪಟದ ಪಕ್ಕದಲ್ಲಿ ಅವಳು ಗಾಜಿನ ಖಾಲಿ ಚೌಕಟ್ಟೊಂದನ್ನು ತೂಗುಹಾಕಿದ್ದಳು. ಕಾಯಂ ಆರ್ಡರ್ ಬಂದ ದಿನ ಅದರಲ್ಲಿ ಹಾಕಿಸುವುದಕ್ಕೆ. ಕಾಯಂ ಆದವರಿಗೆ ಮಂಡಳಿಯ ಕ್ವಾರ್ಟರ್ಸ್ ಸಿಗುತ್ತಿತ್ತು: ಒಂದೇ ಕೋಣೆ, ಆದರೆ ಒಳಗೇ ನಲ್ಲಿ. ಬೀದಿ ನಲ್ಲಿಯ ಮುಂದೆ ಕೊಡ ಇಟ್ಟು ಸರದಿ ಕಾಯುತ್ತ, ಜಗಳಾಡುತ್ತ ಸೋಮವ್ವನ ವಯಸ್ಸೇ ಕಳೆದಿತ್ತು. ಸ್ವರ್ಗ ಹೇಗಿರುತ್ತದೆ ಎಂದು ಯಾರಾದರೂ ಕೇಳಿದ್ದರೆ, ಒಲೆಯ ಪಕ್ಕದಲ್ಲೇ ನಲ್ಲಿ ಇರುತ್ತದೆ ಎಂದು ಹೇಳುತ್ತಿದ್ದಳು.

ಡಿಸೆಂಬರಿನಲ್ಲಿ ಕಾರಿಗೆ ರೋಗ ಹಿಡಿಯಿತು. ಸಿಗ್ನಲ್ಲಿನಲ್ಲಿ ನಿಂತರೆ ಗಡಗಡ ನಡುಗುವುದು, ಹೊರಟರೆ ಮುಗ್ಗರಿಸುವುದು. ಒಂದು ದಿನ ಅಧ್ಯಕ್ಷರ ಅಂಗಿಯ ಮೇಲೆ ಅವರ ಚಹಾ ಚೆಲ್ಲಿತು. ಮೂವರು ಫಿಟರುಗಳು ಬಂದು ಬಾನೆಟ್ ಎತ್ತಿ ನೋಡಿ, ಭಯಭಕ್ತಿಯಿಂದ ಮುಚ್ಚಿ, ಕನ್ನಡಿ ಒರೆಸಿ ಬಿಲ್ಲು ಕೊಟ್ಟು ಹೋದರು. ಪರದೇಶದ ಕಂಪನಿ, ಹೊಸ ಕಂಪ್ಯೂಟರ್ ತರಿಸಿದರೆ ಸರಿಹೋಗುತ್ತದೆ, ಆರು ತಿಂಗಳು ಕಾಯಬೇಕು ಎಂದು ಬರೆಯಿತು. ಟೆಂಡರು ಆಗಲೇ ಅವರಿಗೆ ಸಿಕ್ಕಿಬಿಟ್ಟಿತ್ತು.

ಧಾರಾವಿಯಲ್ಲಿ ಖಂಡಪ್ಪನ ಓಣಿಯಲ್ಲೇ ಅಣವೀರಪ್ಪ ಎಂಬ ಮೆಕ್ಯಾನಿಕ್ ಇದ್ದ. ಅಪಘಾತವಾದ ವಿದೇಶಿ ಕಾರುಗಳನ್ನು ಬಿಚ್ಚಿ ಗುಜರಿಗೆ ಹಾಕುವುದು ಅವನ ಕಸುಬು. ಬಿಚ್ಚುವವನಿಗೆ ಗೊತ್ತಿರುವಷ್ಟು ಕಟ್ಟುವವನಿಗೆ ಗೊತ್ತಿರುವುದಿಲ್ಲ.

"ಅದರ ತಲ್ಯಾಗ ಹಳೇದು ಭಾಳ ತುಂಬೇದ, ಖಂಡಪ್ಪಣ್ಣಾ," ಎಂದ ಅಣವೀರಪ್ಪ. "ಕಲಬೆರಕಿ ಪೆಟ್ರೋಲ್ ಕುಡದಾಗ ಕಲ್ತಿದ್ದು, ಯಾರ್ಯಾರೋ ಕೆದರಿದಾಗ ಕಲ್ತಿದ್ದು, ಎಲ್ಲಾ. ಬ್ಯಾಟ್ರಿದು ಮೈನಸ್ ವಾಯರ್ ಬಿಚ್ಚು. ಹದಿನೈದು ಮಿನಿಟ್ ಸುಮ್ಮ ಕುಂದ್ರು. ಮತ್ತ ಕಟ್ಟು. ಎಲ್ಲಾ ಮರತು ಹೊಸದಾಗಿ ಕಲೀತದ."

"ಅಷ್ಟ ಏನು?"

"ಅಷ್ಟ. ಮೊದಲ ಐವತ್ತು ಕಿಲೋಮೀಟರ್ ಜಗ್ಗಾಡ್ತದ. ಕಲಿಯೂದು ಅಂದ್ರ ಹಂಗ. ಬೈಬ್ಯಾಡ."

ಖಂಡಪ್ಪನಿಗೆ ನಗು ಬಂತು. "ಇದು ನನಗ ಮಾಡಿದಂಗ ಆತಲ್ಲೋ. ನನ್ನ ವಾಯರ್‌ನೂ ಒಂದಿನ ಬಿಚ್ಚಿ ಮತ್ತ ಕಟ್ತಾರ. ಆದ್ರ ನಾ ಇನ್ನೂತನಕ ಏನೂ ಮರತಿಲ್ಲ."

"ಅದು ನೀ ಮರೀಲಿಕ್ಕಲ್ಲೋ," ಎಂದ ಅಣವೀರಪ್ಪ, ಕೈಯ ಗ್ರೀಸು ಒರೆಸಿಕೊಳ್ಳುತ್ತ. "ಅವರು ಮರೀಲಿಕ್ಕ."

ಹೀಗೆ ಆ ಭಾನುವಾರ ಖಂಡಪ್ಪ ಕಾಂದಿವಲಿಗೆ ಹೋಗಿ, ಜಯಸಿಂಹ ಅವರ ಬಿಲ್ಡಿಂಗಿನ ಕೆಳಗೆ, ಹತ್ತು ನಂಬರಿನ ಪಾನಾ, ಅಂದರೆ ಸ್ಪ್ಯಾನರ್, ಹಾಕಿ ವಾಯರ್ ಬಿಚ್ಚಿದ. ಜಯಸಿಂಹ ಬನಿಯನ್ನಿನಲ್ಲೇ ಇಳಿದು ಬಂದು, ಕೈಗಡಿಯಾರ ಹಿಡಿದು, ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ನಿಂತರು. ಅವರ ಹೆಂಡತಿ ಸುಮಿತ್ರಾ ಮೇಲಿಂದ ಕಾಫಿ ಕಳಿಸಿದರು.

"ಏನೂ ಅನಾಹುತ ಆಗಲ್ಲ ತಾನೇ ಖಂಡಪ್ಪ? ಇದು ಮಂಡಳಿ ಸ್ವತ್ತು ಕಣಯ್ಯ."

"ಏನೂ ಆಗಂಗಿಲ್ರೀ ಸಾಹೇಬ್ರ. ಮರೀತದ, ಅಷ್ಟ."

"ಹದಿನಾಲ್ಕು ನಿಮಿಷ ಆಯ್ತು. ತಡಿ, ಇನ್ನೂ ಒಂದಿದೆ."

ವಾಯರ್ ಕಟ್ಟಿದಾಗ ಕಾರಿನ ಗಡಿಯಾರವೂ ಹೊತ್ತು ಮರೆತು ಹನ್ನೆರಡು ಗಂಟೆ ತೋರಿಸುತ್ತಿತ್ತು. ಖಂಡಪ್ಪ ಘೋಡ್‌ಬಂದರ್ ರಸ್ತೆಯ ಮೇಲೆ ಐವತ್ತು ಕಿಲೋಮೀಟರು ಓಡಿಸಿದ. ಮೊದಮೊದಲು ಜಗ್ಗಾಡಿತು, ಅವನು ಬೈಯಲಿಲ್ಲ. ತಿರುಗಿ ಬರುವಾಗ ಬೆಣ್ಣೆಯಲ್ಲಿ ಚಾಕು ಆಡಿದಂತೆ ಓಡಿತು.

ಸೋಮವಾರ ಅಧ್ಯಕ್ಷರು ಮಲಬಾರ್ ಹಿಲ್‌ನ ಬಂಗಲೆಯಿಂದ ಫೋರ್ಟಿಗೆ ಬರುವವರೆಗೆ ಚಹಾ ಕಪ್ಪಿನಲ್ಲೇ ಉಳಿಯಿತು. ಅವರು ಹಿಂದಿ ಮಾತಾಡುವವರು, ಪ್ರತಿ ವಾಕ್ಯವನ್ನೂ 'ಪರಿಶೀಲಿಸಿ' ಎಂದೇ ಮುಗಿಸುವವರು. ಅಂದು ಮಾತ್ರ ಕಾರಿನಿಂದ ಇಳಿಯುತ್ತ ಜಯಸಿಂಹ ಅವರಿಗೆ, "ಈ ಮನುಷ್ಯನನ್ನು ಕಾಯಂ ಮಾಡಿ," ಎಂದು ಅಲ್ಲಿಗೇ ನಿಲ್ಲಿಸಿಬಿಟ್ಟರು.

ಜಯಸಿಂಹ ಅಂದೇ ಕಡತ ತೆರೆದರು. ಮುಂದಿನ ಎಂಬತ್ತೊಂಬತ್ತನೇ ದಿನ ಮಾರ್ಚ್ ಹದಿನಾಲ್ಕಕ್ಕೆ ಬರುತ್ತಿತ್ತು. ಆ ದಿನದ ಚೀಟಿಯನ್ನೂ ಅದರ ಮುಂದಿನದನ್ನೂ ಕೈಬಿಟ್ಟರೆ ಇನ್ನೂರ ನಲವತ್ತು ದಿನ ತಾನಾಗಿ ತುಂಬುತ್ತದೆ, ಆಗಸ್ಟಿಗೆ ಖಂಡಪ್ಪ ಕಾಯಂ. ಸೋಮವ್ವ ಆ ಸಂಜೆ ಚೌಕಟ್ಟಿನ ಗಾಜು ಒರೆಸಿದಳು. ನಲ್ಲಿಯ ಮುಂದೆ ಸರದಿಗಾಗಿ ಜಗಳಾಡುವುದನ್ನೂ ಕಡಿಮೆ ಮಾಡಿದಳು. ಬಿಟ್ಟು ಹೋಗುವ ಜನರ ಜೊತೆ ಕೆಟ್ಟದ್ದೇಕೆ ಎಂದು.

ಖಂಡಪ್ಪನಿಗೆ ಒಂದು ದುರ್ಗುಣವಿತ್ತು. ಅವನು ನಡೆದದ್ದನ್ನು ನಡೆದಂತೆ ಲಾಗ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಜನವರಿ ಇಪ್ಪತ್ತರ ಸಾಲಿನಲ್ಲಿ ಹೀಗೆ ಬರೆದಿದ್ದ: ಎಂಜಿನ್ ಕಂಪ್ಯೂಟರಿಗೆ ಸಾಹೇಬರ ಮನೆಯಲ್ಲಿ ಮರೆವು ಮಾಡಿಸಿದೆ. ಹದಿನೈದು ನಿಮಿಷ. ಖರ್ಚು ಇಲ್ಲ.

ಒಳಲೆಕ್ಕ ತಪಾಸಣೆಯ ಅಧಿಕಾರಿ ಸೀತಾರಾಮ ಅವರು ಬೆಂಗಳೂರಿನವರು. ಮೂವರು ಫಿಟರುಗಳು ಕನ್ನಡಿ ಒರೆಸಿದ ಬಿಲ್ಲುಗಳನ್ನು ಅವರು ಕಣ್ಣುಮುಚ್ಚಿ ಪಾಸು ಮಾಡಿದ್ದರು. 'ಖರ್ಚು ಇಲ್ಲ' ಎಂಬುದನ್ನು ನೋಡಿ ಅವರ ಪೆನ್ನು ನಿಂತಿತು. ಕಾರು ರಿಪೇರಿಯಾಗಿದೆ, ಖರ್ಚಾಗಿಲ್ಲ. ಮಂಡಳಿ ಸ್ಥಾಪನೆಯಾದಂದಿನಿಂದ ಇಂಥ ಅವ್ಯವಹಾರ ನಡೆದಿರಲಿಲ್ಲ.

ಅವರು ಲಾಗ್‌ಬುಕ್ಕು ಹಿಡಿದುಕೊಂಡೇ ಜಯಸಿಂಹ ಅವರ ಮೇಜಿಗೆ ಬಂದರು. "ಸ್ವಾಮಿ, ನೆನಪು ಅಂದ್ರೆ ಏನು? ದಾಖಲೆ ತಾನೇ? ಮಂಡಳಿ ಕಾರಿನ ನೆನಪು ಮಂಡಳಿ ದಾಖಲೆ. ಮೂರು ವರ್ಷ ಇಟ್ಕೋಬೇಕು. ಆಮೇಲೆ ನಾಶ ಮಾಡಬೇಕಾದ್ರೆ ಸಮಿತಿ ಒಪ್ಪಿಗೆ ಬೇಕು, ಹರಾಜು ಆಗಬೇಕು. ನೀವು ಬನಿಯನ್ ಹಾಕ್ಕೊಂಡು ಮನೆ ಕಾಂಪೌಂಡಲ್ಲಿ ದಾಖಲೆ ನಾಶ ಮಾಡಿಸಿದೀರಿ."

"ಸೀತಾರಾಮ್, ಅದು ಎಂಜಿನ್ ನೆನಪು. ಪೆಟ್ರೋಲು, ಗಾಳಿ…"

"ಪೆಟ್ರೋಲು ಸರ್ಕಾರದ್ದಲ್ವಾ?"

ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಚೇರಿಗಳಲ್ಲೂ ಇರುತ್ತಾರೆ. ಈ ಕಚೇರಿಯಲ್ಲಿ ಕರುವಿಗೆ ದಾಖಲೆ ನಂಬರು ಕೊಡುವವರೂ ಇದ್ದರು.

ಸುದ್ದಿ ಮಧ್ಯಾಹ್ನದ ಊಟಕ್ಕೆ ಮೊದಲೇ ಯೂನಿಯನ್ನಿಗೆ ತಲುಪಿತು. ಕಾರ್ಯದರ್ಶಿ ಚನ್ನಬಸಯ್ಯ, ನೌಕರರ ಒಪ್ಪಿಗೆಯಿಲ್ಲದೆ ಮಂಡಳಿಯಲ್ಲಿ ಯಾವ ಕಂಪ್ಯೂಟರನ್ನೂ ಇಡತಕ್ಕದ್ದಲ್ಲ ಎಂಬ ಒಪ್ಪಂದದ ಪ್ರತಿಯನ್ನು ಎತ್ತಿ ಹಿಡಿದು, ಕಾರಿನ ಬಾನೆಟ್ಟಿನೊಳಗೆ ಅದನ್ನು ಬಚ್ಚಿಟ್ಟು ತಂದದ್ದು ಕಾರ್ಮಿಕವರ್ಗಕ್ಕೆ ಮಾಡಿದ ದ್ರೋಹವೆಂದು ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದರು. ಅರ್ಧ ದಿನ ಕೆಲಸ ನಿಂತಿತು. ಗೋಣಿಚೀಲಗಳಿಗೆ ಇದು ತಿಳಿಯಲಿಲ್ಲ. ಸಂಜೆಗೆ ರಾಜಿಯಾಗಿ, ಎಲ್ಲ ಡ್ರೈವರುಗಳಿಗೂ ತಿಂಗಳಾ 'ಕಂಪ್ಯೂಟರ್ ಸಾಮೀಪ್ಯ ಭತ್ಯೆ' ಕೊಡುವುದೆಂದು ತೀರ್ಮಾನವಾಯಿತು. ಅಂಬಾಸಿಡರ್ ನಡೆಸುವ ಮೂವರಿಗೂ ಸಿಕ್ಕಿತು. ಹಗಲಿನಲ್ಲಿ ಅವರು ಗಾಡಿಯನ್ನು ಆ ಕಾರಿನ ಪಕ್ಕದಲ್ಲಿ ನಿಲ್ಲಿಸುತ್ತಿದ್ದರಲ್ಲ. ಭತ್ಯೆ ಕಾಯಂ ಆದವರಿಗೆ ಮಾತ್ರವಾದ್ದರಿಂದ ಖಂಡಪ್ಪನಿಗೆ ಸಿಗಲಿಲ್ಲ.

ಫೆಬ್ರವರಿಯಲ್ಲಿ ಖಂಡಪ್ಪನ ವಿಚಾರಣೆ ನಡೆಯಿತು. ಅಧ್ಯಕ್ಷರೇ ಪೀಠದಲ್ಲಿ ಕೂತಿದ್ದರು, ಚಹಾ ಕುಡಿಯುತ್ತ, ಅರ್ಧ ನಿದ್ದೆಯಲ್ಲಿ. ಸೀತಾರಾಮ ಪ್ರಶ್ನೆ ಕೇಳಿದರು, ಜಯಸಿಂಹ ಅದನ್ನು ಬರೆದುಕೊಂಡರು.

"ನಾಶವಾದ ದಾಖಲೆಯಲ್ಲಿ ಏನೇನಿತ್ತು?"

"ದಾಖಲಿ ಅಲ್ರಿ, ನೆನಪು. ಗಾಡಿ ಹೆಂಗ ಓಡಿಸಿದ್ವಿ, ಎಲ್ಲಿ ನಿಂತ್ವಿ, ಎಷ್ಟು ಹೊತ್ತು ನಿಂತ ಮ್ಯಾಲ ಮತ್ತ ಚಾಲೂ ಮಾಡಿದ್ವಿ, ಅದನ್ನೆಲ್ಲಾ ನೋಡ್ಕೋತ ಕಲೀತದ್ರಿ."

ಖಂಡಪ್ಪ ಹೇಳಿದ್ದು ಎಂಜಿನ್ನಿನ ಮಾತು. ಜಯಸಿಂಹ ಅದನ್ನು ಹಿಂದಿಗೆ ತಿರುಗಿಸಿ ಹೇಳಿದ ಕೂಡಲೇ ಅಧ್ಯಕ್ಷರ ಚಹಾ ಗಂಟಲಲ್ಲೇ ನಿಂತಿತು. ಅಧ್ಯಕ್ಷರು ಪ್ರತಿ ಶನಿವಾರ ಘಾಟಿನ ಮೇಲಿನ ಲೋಣಾವಳಕ್ಕೆ ಹೋಗುತ್ತಿದ್ದರು. ಲಾಗ್‌ಬುಕ್ಕಿನಲ್ಲಿ ಅದು 'ಗೋಣಿಚೀಲ ತಪಾಸಣೆ'. ಅಲ್ಲಿ ಗೋಣಿಚೀಲಗಳಿದ್ದದ್ದು ಸುಳ್ಳಲ್ಲ. ಅವು ಸಿಮೆಂಟಿನವು, ಅಧ್ಯಕ್ಷರ ಹೊಸ ಬಂಗಲೆಯ ಅಂಗಳದಲ್ಲಿ ಪೇರಿಸಿದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಮನುಷ್ಯಸಹಜ, ಅಧ್ಯಕ್ಷರೂ ಮನುಷ್ಯರೇ.

"ಎಲ್ಲಿ ನಿಂತರು ಅನ್ನುವುದೂ ಅದಕ್ಕೆ ನೆನಪಿತ್ತೋ?" ಎಂದರು ಅಧ್ಯಕ್ಷರು.

"ಇತ್ರಿ. ಈಗ ಇಲ್ರಿ. ಎಲ್ಲಾ ಮರತದ."

"ಖಂಡಿತ?"

"ಗಡಿಯಾರಾನೂ ಹನ್ನೆರಡಕ್ಕ ಹೋಗಿತ್ರಿ."

ಅಧ್ಯಕ್ಷರು ಚಹಾ ನುಂಗಿದರು. ಆಮೇಲೆ ಸಭೆಯ ದಿಕ್ಕೇ ಬದಲಾಯಿತು. ಮರೆವನ್ನು ಅಪರಾಧವೆಂದು ಕಾಣುವುದು ಹಳೆಯ ದೃಷ್ಟಿಯೆಂದೂ, ಆಧುನಿಕ ಆಡಳಿತದಲ್ಲಿ ಮರೆವಿಗೆ ತಕ್ಕ ಸ್ಥಾನ ಕೊಡಬೇಕೆಂದೂ ಅವರು ಅರ್ಧ ಗಂಟೆ ಮಾತಾಡಿದರು. ವಾರದೊಳಗೆ ಮೂರು ಭಾಷೆಗಳಲ್ಲಿ ಸುತ್ತೋಲೆ ಬಂತು. ಅದರ ಸಾರ ಹೀಗಿತ್ತು:

'ವಾಹನ ಮರೆವು ನಿಯಮಾವಳಿ, 1991. ಮಂಡಳಿಯ ಎಲ್ಲ ವಾಹನಗಳಿಗೂ ತೊಂಬತ್ತು ದಿನಗಳಿಗೊಮ್ಮೆ ಹದಿನೈದು ನಿಮಿಷಗಳ ಮರೆವು ಮಾಡಿಸತಕ್ಕದ್ದು. ಮರೆವು ಪೂರ್ಣವಾಗಿದೆಯೆಂದು ಇಬ್ಬರು ಅಧಿಕಾರಿಗಳು ದೃಢೀಕರಿಸತಕ್ಕದ್ದು. ದೃಢೀಕರಿಸಿದ್ದನ್ನು ಅವರೂ ಮರೆಯತಕ್ಕದ್ದು. ನಿಯಮ 7: ಮರೆವಿನ ನಂತರದ ಮೊದಲ ಐವತ್ತು ಕಿಲೋಮೀಟರುಗಳಲ್ಲಿ ಆಗುವ ಜಗ್ಗಾಟ, ಮುಗ್ಗರಿಕೆ ಇತ್ಯಾದಿಗಳನ್ನು ಕಲಿಕೆಯೆಂದು ಪರಿಗಣಿಸತಕ್ಕದ್ದು, ಯಾರೂ ಆಕ್ಷೇಪಿಸತಕ್ಕದ್ದಲ್ಲ. ನಿಯಮ 9: ಮರೆತದ್ದನ್ನು ಮತ್ತೆ ತಿಳಿಸಬೇಕಾಗಿ ಬಂದಲ್ಲಿ, ಪ್ರಯಾಣಿಸುವ ಅಧಿಕಾರಿಯು ಲಿಖಿತವಾಗಿ, ಸಹಿಯೊಂದಿಗೆ ತಿಳಿಸತಕ್ಕದ್ದು.'

ಒಂಬತ್ತನೇ ನಿಯಮ ಸೀತಾರಾಮ ಅವರು ಸೇರಿಸಿದ್ದು. ಕಾಗದವಿಲ್ಲದ ನಿಯಮ ಅವರಿಗೆ ಉಪ್ಪಿಲ್ಲದ ಊಟ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಮೂರು ಅಂಬಾಸಿಡರುಗಳಿಗೂ ಮರೆವು ಮಾಡಿಸಿದರು. ಅವುಗಳಲ್ಲಿ ಕಂಪ್ಯೂಟರ್ ಇರಲಿಲ್ಲ, ನೆನಪಿಡುವಂಥದ್ದೂ ಏನಿರಲಿಲ್ಲ. ಆದರೆ ನೀತಿ ಎಲ್ಲರಿಗೂ ಒಂದೇ. ವಾಯರ್ ಬಿಚ್ಚುವ ಗುತ್ತಿಗೆಯನ್ನು ಅಧ್ಯಕ್ಷರ ಅಳಿಯನ ಸಂಸ್ಥೆಗೆ ಕೊಟ್ಟರು. ಆ ಸಂಸ್ಥೆಯಲ್ಲಿ ಪಾನಾ ಇಲ್ಲದ್ದರಿಂದ ಬಿಚ್ಚುವುದು ಖಂಡಪ್ಪನ ಪಾನಾದಿಂದ, ಖಂಡಪ್ಪನೇ. ಈಗ ಮರೆವಿಗೆ ಖರ್ಚು ಬರತೊಡಗಿತು. ಸೀತಾರಾಮ ಅವರು ಸಂತೋಷದಿಂದ ತಮ್ಮ ಮೊದಲ ಆಕ್ಷೇಪಣೆಯನ್ನು ಹಿಂತೆಗೆದುಕೊಂಡರು.

ಹಿಂತೆಗೆದುಕೊಂಡ ಕೈಯಲ್ಲೇ ಕೆಳಗೊಂದು ಸಾಲು ಬರೆದರು: 'ಕಾರು ಮರೆತಿದೆ. ಚಾಲಕ?'

ಆ ಒಂದು ಸಾಲು ಅಧ್ಯಕ್ಷರನ್ನು ಎರಡು ದಿನ ಕಾಡಿತು. ಕಾರಿನ ಕಂಪ್ಯೂಟರ್ ಮರೆಯಬಹುದು. ಲೋಣಾವಳದ ಅಂಗಳದಲ್ಲಿ ಸಿಮೆಂಟಿನ ಚೀಲ ಎಣಿಸುತ್ತ ಬೀಡಿ ಸೇದಿದವನು ಮರೆತಾನೆಯೇ? ಅವನು ನಾಳೆ ಕಾಯಂ ಆದರೆ ಅವನ ನೆನಪೂ ಕಾಯಂ ಆಗುತ್ತದೆ. ಮೂರನೇ ದಿನ ಜಯಸಿಂಹ ಅವರ ಕಡತ ವಾಪಸು ಬಂತು. ಚೀಟಿ ಕೈಬಿಡುವ ಪ್ರಸ್ತಾವದ ಮೇಲೆ ಅಡ್ಡಗೆರೆ. ಕೆಳಗೆ: 'ವಾಹನಕ್ಕೆ ಸಂಬಂಧಿಸಿದ ಸಿಬ್ಬಂದಿಗೂ ಮರೆವು ನಿಯಮಾವಳಿ ಅನ್ವಯಿಸತಕ್ಕದ್ದು. ಈ ಸಲದ ಮರೆವು ಪೂರ್ಣವಾಗಿರಲಿ. ಅರ್ಜಿ, ಸಂದರ್ಶನ ಎಲ್ಲ ಹೊಸದಾಗಿ. ಸೇವೆ ಸೊನ್ನೆಯಿಂದ. ಪರಿಶೀಲಿಸಿ.'

ಮಾರ್ಚ್ ಹದಿನಾಲ್ಕರ ಬೆಳಿಗ್ಗೆ, ಮಾಹಿಮ್ ಸಿಗ್ನಲ್ಲಿನಲ್ಲಿ ಕಾರು ನಿಂತಾಗ, ಜಯಸಿಂಹ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದರು.

"ಖಂಡಪ್ಪ, ನಾಳೆ ಮಧ್ಯಾಹ್ನ ಸಂದರ್ಶನಕ್ಕೆ ಬಾ. ನಮಗೆಲ್ಲ ನಿನ್ನ ಪರಿಚ್ಯ ಇಲ್ಲ ಅಂತ ಸಹಿ ಹಾಕ್ಸಿದಾರೆ. ನಾನೂ ಹಾಕ್ದೆ. ಏನು ಮಾಡ್ಲಿ, ನನ್ನ ಪ್ರಮೋಷನ್ನೂ ಇದೆ."

"ಮತ್ತ ಹನ್ನೊಂದು ವರ್ಷದ್ದು, ಸಾಹೇಬ್ರ?"

"ಅದೇ ಕಣಪ್ಪ. ಅದು ಇಲ್ಲ."

ಸಿಗ್ನಲ್ ಬಿಟ್ಟಿತು. ಕಾರಿಗೆ ಮದ್ದು ಮಾಡಿದವನ ಬಾಯಿಗೇ ಮಣ್ಣು ಬಿತ್ತಲ್ಲ ಎಂದು ಖಂಡಪ್ಪನಿಗೆ ಎನಿಸಿತು. ಲಾಗ್‌ಬುಕ್ಕಿನಲ್ಲಿ ಆ ಒಂದು ಸಾಲು ಬರೆಯದೆ ಹೋಗಿದ್ದರೆ ಸೋಮವ್ವನ ಒಲೆಯ ಪಕ್ಕದಲ್ಲಿ ನಲ್ಲಿ ಇರುತ್ತಿತ್ತು. ಆದರೂ ಗೇರು ಬದಲಿಸುವಾಗ ಕೈ ತಪ್ಪಲಿಲ್ಲ, ಜಯಸಿಂಹ ಅವರ ತೊಡೆಯ ಮೇಲಿನ ಊಟದ ಡಬ್ಬಿ ಅಲುಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಸಂದರ್ಶನ ನಡೆಯಿತು. ಬೆಳಿಗ್ಗೆ ಅದೇ ಸಂದರ್ಶನ ಮಂಡಳಿಯನ್ನು ಪ್ರೀತಿಯಿಂದ ಕಾರಿನಲ್ಲಿ ಕರೆತಂದವನು ಖಂಡಪ್ಪನೇ. ಮೇಜಿನ ಹಿಂದೆ ಅಧ್ಯಕ್ಷರು, ಸೀತಾರಾಮ, ಜಯಸಿಂಹ ಕೂತಿದ್ದರು. ಅಭ್ಯರ್ಥಿಗೆ ಕನ್ನಡವೇ ಸಲೀಸು ಎಂದು ಅರ್ಜಿಯಲ್ಲಿ ಬರೆದಿದ್ದರಿಂದ ಜಯಸಿಂಹ ಅವರೇ ಪ್ರಶ್ನೆ ಕೇಳಬೇಕಾಯಿತು.

"ನಿಮ್ಮ ಹೆಸರು?"

ಹನ್ನೊಂದು ವರ್ಷದಲ್ಲಿ ಅವರು ಖಂಡಪ್ಪನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಅವನಿಗೆ ಬೈದಂತಾಯಿತು.

"ಖಂಡಪ್ಪ ಅಂತ್ರಿ."

"ಮುಂಚೆ ಎಲ್ಲಾದರೂ ಕೆಲಸ ಮಾಡಿದೀರಾ?"

ಖಂಡಪ್ಪ ಜಯಸಿಂಹ ಅವರ ಮುಖ ನೋಡಿದ. ಜಯಸಿಂಹ ಫ್ಯಾನು ನೋಡಿದರು. ಇಲ್ಲ ಎಂದರೆ ಹನ್ನೊಂದು ವರ್ಷ ಹೋಗುತ್ತದೆ. ಹೌದು ಎಂದರೆ ನಾಳೆಯೂ ಹೋಗುತ್ತದೆ.

"ಇಲ್ರಿ."

"ಮಂಡಳಿಯ ಕಾರನ್ನು ನೋಡಿದೀರಾ?"

"ಇಲ್ರಿ."

ಅಧ್ಯಕ್ಷರು ತಾವೇ ಒಂದು ಪ್ರಶ್ನೆ ಕೇಳಬಯಸಿದರು. "ಲೋಣಾವಳ ಗೊತ್ತೋ?"

"ತಿನ್ನೂದೇನ್ರಿ?"

ಅಧ್ಯಕ್ಷರ ಮುಖ ಅರಳಿತು. ಮೂವರೂ ಏಕಕಂಠದಿಂದ ಅಭ್ಯರ್ಥಿಯನ್ನು ಆಯ್ಕೆ ಮಾಡಿದರು. ಇಷ್ಟು ಚೊಕ್ಕಟವಾಗಿ ಏನೂ ತಿಳಿಯದ ಮನುಷ್ಯ ಮಂಡಳಿಗೆ ಬಂದದ್ದು ಇದೇ ಮೊದಲೇನಲ್ಲ, ಆದರೆ ಪರೀಕ್ಷೆ ಮಾಡಿ ತೆಗೆದುಕೊಂಡದ್ದು ಇದೇ ಮೊದಲು ಎಂದು ಸೀತಾರಾಮ ಅವರು ಟಿಪ್ಪಣಿ ಬರೆದರು.

ಖಂಡಪ್ಪ ಮನೆಗೆ ಬಂದು ನಲವತ್ತೈದನೇ ಚೀಟಿಯನ್ನು ಟ್ರಂಕಿಗೆ ಹಾಕಿ, ಅದರ ಜೊತೆ ಕೊಟ್ಟ ಸುತ್ತೋಲೆಯನ್ನು ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ಕೂತ. ಸೋಮವ್ವ ಸಕ್ಕರೆ ಡಬ್ಬಿ ತಂದಳು.

"ಬ್ಯಾಡ," ಎಂದ ಅವನು.

"ಬ್ಯಾಡ ಅಂದ್ರ ಹೆಂಗ್ರಿ? ನಾಳಿಂದ ಹೊಸ ಕೆಲಸ." ಬಾಯಿಗೆ ಹಾಕಿಯೇ ಬಿಟ್ಟಳು. "ಆ ಕಾಗದದಾಗ ಏನ್ ಅದ, ಓದ್ರಿ ಒಂದೀಟು."

ಗಡಿಯ ಇಂಡಿ ಕಡೆಯವನಾದ್ದರಿಂದ ಖಂಡಪ್ಪನಿಗೆ ಮರಾಠಿ ಓದಲು ಬರುತ್ತಿತ್ತು. ಸುತ್ತೋಲೆಯ ಮರಾಠಿ ಪ್ರತಿಯನ್ನು ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದ. ಸೋಮವ್ವ ಕೊನೆಯತನಕ ಕೇಳಿದಳು.

"ಕಾರಿಗೆ ಹಚ್ಚಿದ ನಿಯಮಾನ ನಿಮಗೂ ಹಚ್ಯಾರ ಅಂದ್ರಿ."

"ಹೂಂ."

"ಮೊದಲ ಐವತ್ತು ಕಿಲೋಮೀಟರ್ ಜಗ್ಗಾಡಿದ್ರ ಯಾರೂ ಬೈಯಂಗಿಲ್ಲ ಅಂತ ಅದ. ಹಂಗಂದ್ರ ನಿಮಗೂ ಬೈಯಂಗಿಲ್ಲಲ್ಲ?"

ಖಂಡಪ್ಪ ಹೆಂಡತಿಯ ಮುಖ ನೋಡಿದ. ಬಾಯಲ್ಲಿದ್ದ ಸಕ್ಕರೆ ಆಗ ಸಿಹಿಯೆನಿಸಿತು.

ಶನಿವಾರ ಬೆಳಿಗ್ಗೆ ಹೊಸ ಚಾಲಕ ಖಂಡಪ್ಪ ಕರ್ತವ್ಯಕ್ಕೆ ಹಾಜರಾದ. ಅವನು ಕಲಿಯುವುದು ಬಾಕಿಯಿದ್ದದ್ದರಿಂದ ಕಾರನ್ನು ಬೇರೊಬ್ಬ ಚಾಲಕ ಮಲಬಾರ್ ಹಿಲ್‌ಗೆ ತಂದು ಬಿಟ್ಟಿದ್ದ. ಅಧ್ಯಕ್ಷರು ಹಿಂದೆ ಕೂತರು. ಖಂಡಪ್ಪ ಸ್ಟೇರಿಂಗಿನ ಮುಂದೆ ಕೂತು ಸುತ್ತಲೂ ನೋಡಿ, ತನ್ನ ಹರಕು ಹಿಂದಿಯಲ್ಲಿ ಮಾತು ತೆಗೆದ.

"ಚಲೋ ಗಾಡಿ ಅದ್ರಿ. ಕೀಲಿಕೈ ಎಲ್ಲಿ ಹಾಕ್ತಾರ್ರಿ ಇದಕ್ಕ?"

ಅಧ್ಯಕ್ಷರು ತೋರಿಸಿದರು. ಅವರೇ ಸಹಿ ಮಾಡಿದ ನಿಯಮಾವಳಿ.

"ಎಲ್ಲಿಗಿ ಹೋಗಬೇಕ್ರಿ?"

"ಲೋಣಾವಳ."

"ನಾ ಹೊಸಬ್ರಿ. ದಾರಿ, ಮನಿ, ಯಾರ ಮನಿ, ಯಾತಕ್ಕ ಹೋಗೂದು, ಎಲ್ಲಾ ಒಂಬತ್ತನೇ ನಿಯಮದ ಪ್ರಕಾರ ಬರದು ಸಹಿ ಮಾಡಿ ಕೊಡಬೇಕ್ರಿ. ಸೀತಾರಾಮ ಸಾಹೇಬ್ರು ನಮೂನಿ ಛಾಪಿಸ್ಯಾರ."

ಅಧ್ಯಕ್ಷರು ನಮೂನೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ತುಂಬದಿದ್ದರೆ ನಿಯಮಭಂಗ, ತುಂಬಿದರೆ ತಮ್ಮ ಕೈಬರಹ. ಆದರೆ ಮೂವತ್ತು ವರ್ಷ ನಮೂನೆ ತುಂಬಿಯೇ ಮೇಲೆ ಬಂದ ಕೈ ಅದು. ಖಾಲಿ ಜಾಗ ಕಂಡರೆ ತಡೆದುಕೊಳ್ಳದು. 'ಸ್ಥಳ: ಲೋಣಾವಳ. ಮನೆ: ಸ್ವಂತದ್ದು. ಉದ್ದೇಶ: ಸಿಮೆಂಟ್ ಚೀಲಗಳ ತಪಾಸಣೆ' ಎಂದು ತುಂಬಿ ಸಹಿ ಹಾಕಿದರು.

ಆಮೇಲೆ ಐವತ್ತು ಕಿಲೋಮೀಟರು ಖಂಡಪ್ಪ ಕಲಿತ. ಕಾರು ಆರೋಗ್ಯವಾಗಿತ್ತು; ಜಗ್ಗಾಡಿದವನು ಅವನು. ಹಾಜಿ ಅಲಿಯಲ್ಲಿ ಅಧ್ಯಕ್ಷರ ಹಣೆ ಮುಂದಿನ ಸೀಟಿಗೆ ತಗುಲಿತು. ದಾದರಿನಲ್ಲಿ ಚಹಾ ಅಂಗಿಯ ಮೇಲೆ ಬಂತು. ಚೆಂಬೂರಿನಲ್ಲಿ ಅವರು ಬಾಯಿ ತೆರೆದರು, ನಿಯಮ ಏಳು ನೆನಪಾಗಿ ಮುಚ್ಚಿಕೊಂಡರು. ಪನವೇಲ್ ದಾಟಿ ಐವತ್ತು ಮುಗಿದ ಕೂಡಲೇ ಕಾರು ಬೆಣ್ಣೆಯಂತೆ ಓಡತೊಡಗಿತು. ಅಧ್ಯಕ್ಷರು ಹಣೆ ನೇವರಿಸಿಕೊಂಡು ಘಾಟಿನ ಮೇಲೆ ನಿದ್ದೆ ಹೋದರು.

ಸೋಮವಾರ ಅವರ ಸಹಿಯ ನಮೂನೆ ಸೀತಾರಾಮ ಅವರ ಮೇಜಿಗೆ ಹೋಯಿತು. ಅವರು ಪ್ರತಿಯೊಂದು ಕಾಲಮ್ಮೂ ತುಂಬಿದೆಯೇ ಎಂದು ನೋಡಿದರು. ತುಂಬಿತ್ತು. ತುಂಬಿದ್ದೇನು ಎಂದು ನೋಡುವುದು ಅವರ ವಿಭಾಗದ ಕೆಲಸವಲ್ಲ. ನಮೂನೆ ಕ್ರಮಬದ್ಧವಾಗಿದೆ ಎಂದು ಬರೆದು ಗ್ಯಾರೇಜಿನ ದಾಖಲೆ ಕೋಣೆಗೆ ಕಳಿಸಿದರು. ಅದು ಈಗಲೂ ಅಲ್ಲಿದೆ. ಅಧ್ಯಕ್ಷರು ಅದರ ಜೊತೆಗೊಂದು ಪ್ರಶಂಸಾ ಟಿಪ್ಪಣಿಯನ್ನೂ ಇಟ್ಟಿದ್ದರು. ಜಯಸಿಂಹ ಅದನ್ನು ಸಂಜೆ ಕಾರಿನಲ್ಲಿ ಖಂಡಪ್ಪನಿಗೆ ಓದಿ ಹೇಳಿದರು: 'ಹೊಸ ಚಾಲಕನು ಐವತ್ತು ಕಿಲೋಮೀಟರುಗಳಲ್ಲಿ ಎಲ್ಲವನ್ನೂ ಕಲಿತಿದ್ದಾನೆ. ಇಷ್ಟು ಕಲಿಯಲು ಹಳೆಯ ಚಾಲಕನಿಗೆ ಹನ್ನೊಂದು ವರ್ಷ ಹಿಡಿದಿತ್ತು.'

ಖಂಡಪ್ಪ ಗೇರು ಬದಲಿಸಿದ.

"ಹಳೇ ಡ್ರೈವರ್‌ನೂ ಚಲೋ ಇದ್ದ್ರಿ, ಸಾಹೇಬ್ರ."

ಜಯಸಿಂಹ ಕಿಟಕಿಯ ಆಚೆ ನೋಡಿದರು. "ಇದ್ದಿರಬಹುದು. ನನಗೆ ಪರಿಚ್ಯ ಇರಲಿಲ್ಲ."

ಆ ನಂತರ ಮಂಡಳಿಯಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದೆ. ತೊಂಬತ್ತು ದಿನಕ್ಕೊಮ್ಮೆ ಕಾರು ಮರೆಯುತ್ತದೆ, ಅಂಬಾಸಿಡರುಗಳು ಮರೆಯುತ್ತವೆ, ಖಂಡಪ್ಪ ಮರೆಯುತ್ತಾನೆ. ಪ್ರತಿ ಮರೆವಿನ ನಂತರದ ಶನಿವಾರ ಹಣೆಗೆ ಆಸರೆಯಾಗಲೆಂದು ಅಧ್ಯಕ್ಷರಿಗೊಂದು ದಿಂಬು ಮಂಜೂರಾಗಿದೆ, ಗೋಣಿಯದು, ಪ್ರಮಾಣಿತ ಅಳತೆಯದು. ಅವರು ತಾವಾಗಿಯೇ ನಮೂನೆ ಕೇಳಿ ತುಂಬುತ್ತಾರೆ. ಸಂದರ್ಶನದಲ್ಲಿ ಜಯಸಿಂಹ ಅವರು ಹಿಂದಿನ ಕೆಲಸದ ಬಗ್ಗೆ ಕೇಳುವಾಗ ಈಗ ಫ್ಯಾನು ನೋಡುವುದಿಲ್ಲ.

ಸೋಮವ್ವ ಇನ್ನೂ ಬೀದಿ ನಲ್ಲಿಯ ಮುಂದೆ ಕೊಡ ಇಡುತ್ತಾಳೆ, ಜಗಳಾಡುತ್ತಾಳೆ. ದೇವರ ಪಟದ ಪಕ್ಕದ ಚೌಕಟ್ಟು ಈಗ ಖಾಲಿಯಿಲ್ಲ. ಸುತ್ತೋಲೆಯಲ್ಲಿ ಏಳನೇ ನಿಯಮವಿದ್ದ ಹಾಳೆಯನ್ನು ಅವಳು ಅದರಲ್ಲಿ ಹಾಕಿಸಿದ್ದಾಳೆ. ಮೂರು ತಿಂಗಳಿಗೊಮ್ಮೆ ಖಂಡಪ್ಪ ಹೊಸ ಕೆಲಸಕ್ಕೆ ಹೊರಡುವ ಬೆಳಿಗ್ಗೆ ಅದಕ್ಕೂ ಊದುಬತ್ತಿ ಬೆಳಗಿ, ಅವನ ಬಾಯಿಗೆ ಸಕ್ಕರೆ ಹಾಕಿ ಕಳಿಸುತ್ತಾಳೆ.